ಎತ್ತುಗಳನ್ನು ಕೊಳ್ಳುವ ಮುನ್ನ ಹೂಡಿ ನೋಡುವ ಕ್ರಮ

ಸುಗ್ಗಿಯ ಕೆಲಸಗಳು ಮುಗಿಯುತ್ತ ಬಂದಂತೆ ನಮ್ಮ ಸೀಮೆಯಲ್ಲಿ ದನದ ಜಾತ್ರೆಗಳು ಮೊದಲಾಗುತ್ತವೆ. ಘಾಟಿ ಸುಬ್ರಹ್ಮಣ್ಯ, ಚುಂಚನಕಟ್ಟೆ, ಮುಡುಕುತೊರೆ, ಸಿದ್ಧಗಂಗೆ ಮುಂತಾದ ಕ್ಷೇತ್ರಗಳಲ್ಲಿ ರೈತರು ದೂರದೂರದಿಂದ ಬಂದು ಎತ್ತುಗಳನ್ನು ಕೊಂಡೊಯ್ಯುವುದು ಬಹುಕಾಲದ ರೂಢಿ. ಉಳುವ ಯಂತ್ರಗಳು ಹೆಚ್ಚಿದ ಈ ದಿನಗಳಲ್ಲಿಯೂ ಸಣ್ಣ ಹಿಡುವಳಿಗಳಲ್ಲಿ ಕುಂಟೆ ಹೊಡೆಯುವುದಕ್ಕೂ ಗೊಬ್ಬರ ಸಾಗಿಸುವುದಕ್ಕೂ ಎತ್ತುಗಳೇ ಆಧಾರವಾಗಿವೆ. ಒಳ್ಳೆಯ ಜೋಡಿಯೊಂದರ ಬೆಲೆಯು ಈಗ ಲಕ್ಷ ರೂಪಾಯಿಯನ್ನೂ ಮೀರುವುದುಂಟು. ಇಷ್ಟು ಹಣವನ್ನು, ಅದೂ ಅನೇಕ ವೇಳೆ ಸಾಲ ತಂದ ಹಣವನ್ನು, ಮೈಬಣ್ಣ ಮತ್ತು ಕೊಂಬಿನ ಅಂದವನ್ನು ಮಾತ್ರ ನೋಡಿ ಅರ್ಧ ಗಂಟೆಯಲ್ಲಿ ಕೊಟ್ಟುಬಿಡುವುದು ವಿವೇಕವಲ್ಲ. ಎತ್ತನ್ನು ಕಣ್ಣಿನಿಂದ ನೋಡುವುದು ಪರೀಕ್ಷೆಯ ಅರ್ಧ ಭಾಗ. ಹೂಡಿ ನೋಡುವುದೇ ಉಳಿದರ್ಧ.

ಕೆಲಸಕ್ಕೆ ತಕ್ಕ ತಳಿ

ಮೊದಲು ಕೊಳ್ಳುವವನು ತನ್ನ ಭೂಮಿಯನ್ನೂ ಕೆಲಸವನ್ನೂ ಯೋಚಿಸತಕ್ಕದ್ದು. ದಕ್ಷಿಣದ ಕೆಂಪು ನೆಲದ ಬೇಸಾಯಕ್ಕೂ ಬಂಡಿಗೂ ಹಳ್ಳಿಕಾರ್ ತಳಿಯು ಹೆಸರಾದುದು. ಚಿಕ್ಕದೇವರಾಜ ಒಡೆಯರ (1672–1704) ಬೆಣ್ಣೆ ಚಾವಡಿಯಿಂದ ಬೆಳೆದು, ಟಿಪ್ಪು ಸುಲ್ತಾನನಿಂದ ಹೆಸರು ಪಡೆದ ಅಮೃತಮಹಲ್ ತಳಿಯು ವೇಗಕ್ಕೂ ಸಹನೆಗೂ ಪ್ರಸಿದ್ಧವಾಗಿದ್ದರೂ ಪಳಗಿಸುವವನಿಗೆ ತಾಳ್ಮೆಯಿರಬೇಕು. ಉತ್ತರದ ಒಣ ಸೀಮೆಗೆ ಖಿಲಾರಿ, ಆಳವಾದ ಎರೆಭೂಮಿಯ ಭಾರದ ಕೆಲಸಕ್ಕೆ ಕೃಷ್ಣಾಕಣಿವೆಯ ದನ ಒಪ್ಪುವುವು. ಒಂದು ಜೋಡಿ ಎತ್ತುಗಳು ಬಹಳ ಹೊತ್ತು ಬಳಲದೆ ಎಳೆಯಬಲ್ಲ ಬಲವು ಅವುಗಳ ಒಟ್ಟು ತೂಕದ ಸುಮಾರು ಹತ್ತನೆಯ ಒಂದು ಪಾಲು. ಆದಕಾರಣ ಎರೆನೆಲಕ್ಕೆ ಹಗುರವಾದ ಎತ್ತನ್ನು ಕೊಂಡವನು ಎತ್ತನ್ನೂ ಕೆಡಿಸಿ ಉಳುಮೆಯನ್ನೂ ಕೆಡಿಸಿಕೊಳ್ಳುವನು.

ನಿಂತಲ್ಲಿಯೇ ನೋಡಬೇಕಾದುದು

ಎತ್ತಿನ ಮೇಲ್ದವಡೆಯಲ್ಲಿ ಮುಂಬಲ್ಲುಗಳಿಲ್ಲ. ಕೆಳದವಡೆಯಲ್ಲಿ 8 ಇರುವುವು. ಹಾಲುಹಲ್ಲು ಬಿದ್ದು ಮೊದಲ ಜೋಡಿ ಹಲ್ಲು ಸುಮಾರು 2ರಿಂದ 2½ ವರ್ಷಕ್ಕೆ, ಎರಡನೆಯದು 3ರ ಸುಮಾರಿಗೆ, ಮೂರನೆಯದು 4ರ ಸುಮಾರಿಗೆ ಬರುವುವು. 4½ರಿಂದ 5 ವರ್ಷಕ್ಕೆ ಬಾಯಿಗೂಡುವುದು. ಆಮೇಲೆ ಹಲ್ಲುಗಳ ಸವೆತದಿಂದ ವಯಸ್ಸನ್ನು ಊಹಿಸಬೇಕು. ಕೊಂಬಿನ ಬಳೆಗಳನ್ನು ಎಣಿಸುವುದರಿಂದ ಪ್ರಯೋಜನವಿಲ್ಲ. ಕೊಂಬನ್ನು ಹೆರೆದು ಎಣ್ಣೆ ಹಚ್ಚಿದರೆ ಬಳೆಗಳು ಮಾಯವಾಗುವುವು.

ಹೆಗಲನ್ನು ಅಂಗೈಯಿಂದ ಒತ್ತಿ ನೋಡಬೇಕು. ಬಾವು, ಗಟ್ಟಿಯಾದ ಗಂಟು, ಹಳೆಯ ಹುಣ್ಣಿನ ಕಲೆಗಳಿದ್ದರೆ ನೊಗವು ಮತ್ತೆ ಅಲ್ಲಿಯೇ ತೊಂದರೆ ಕೊಡುವುದು. ತಲೆಯನ್ನು ಒಂದು ಕಡೆಗೆ ವಾಲಿಸಿ ನಿಲ್ಲುವುದು, ಒಂದೇ ಹೊಳ್ಳೆಯಿಂದ ಸ್ರಾವ ಬರುವುದು, ಕೊಂಬಿನ ಬುಡ ಸಡಿಲವಾಗಿರುವುದು, ಇವು ಕೊಂಬಿನ ಕ್ಯಾನ್ಸರಿನ ಗುರುತುಗಳಾಗಿರಬಹುದು. ಈ ರೋಗವು ನಡುವಯಸ್ಸಿನ ಎತ್ತುಗಳಲ್ಲಿಯೇ ಹೆಚ್ಚು. ಕಣ್ಣಿನ ಬಳಿಗೆ ಗಾಳಿ ತಾಗದಂತೆ ಮೆಲ್ಲನೆ ಬೆರಳನ್ನು ತಂದಾಗ ರೆಪ್ಪೆ ಮಿಟುಕಿಸದಿದ್ದರೆ ಆ ಕಣ್ಣಿನ ದೃಷ್ಟಿಯನ್ನು ಸಂಶಯಿಸಬೇಕು.

ಸುಳಿಯ ವಿಷಯವನ್ನು ಇಲ್ಲಿಯೇ ಹೇಳುವುದು ಉಚಿತ. ಇಂಥ ಕಡೆ ಸುಳಿಯಿದ್ದರೆ ಮನೆಗೆ ಕೇಡೆಂದು ಅನೇಕರು ಒಳ್ಳೆಯ ಎತ್ತುಗಳನ್ನು ಬಿಟ್ಟುಬಿಡುವರು. ಸುಳಿಯೆಂಬುದು ಕೂದಲು ಬೆಳೆದಿರುವ ರೀತಿಯೇ ಹೊರತು ಎತ್ತಿನ ಬಲಕ್ಕಾಗಲಿ ಗುಣಕ್ಕಾಗಲಿ ಸಂಬಂಧಪಟ್ಟುದಲ್ಲ. ಸುಳಿಗಾಗಿ ಬೆಲೆ ಇಳಿದ ಎತ್ತು ಹೂಡಿ ನೋಡಿದಾಗ ಚೆನ್ನಾಗಿದ್ದರೆ ಅದನ್ನು ಕೊಂಡವನಿಗೆ ಲಾಭವೇ.

ಮೊದಲ ಹತ್ತು ಹೆಜ್ಜೆಗಳು

ಜಾತ್ರೆಯಲ್ಲಿ ಬೆಳಗ್ಗೆ ಬೇಗನೆ ಹೋಗಿ, ಎತ್ತು ಮಲಗಿರುವಾಗಲೇ ನೋಡುವುದು ಲೇಸು. ಅದು ಏಳುವ ರೀತಿಯನ್ನೂ, ಗೂಟದಿಂದ ಬಿಚ್ಚಿದ ಮೇಲೆ ಇಡುವ ಮೊದಲ ಹತ್ತು ಹೆಜ್ಜೆಗಳನ್ನೂ ಹಿಂದುಗಡೆ ನಿಂತು ಗಮನಿಸಬೇಕು. ಮೊಣಕಾಲ ಚಿಪ್ಪು ಸಿಕ್ಕಿಕೊಳ್ಳುವ ದೋಷವುಳ್ಳ ಎತ್ತು ಹಿಂಗಾಲನ್ನು ಹಿಂದಕ್ಕೆ ಸೆಟೆಸಿ, ಗೊರಸಿನ ತುದಿಯನ್ನು ನೆಲಕ್ಕೆ ಎಳೆದು, ಬಳಿಕ ಒಮ್ಮೆಗೇ ಎತ್ತಿ ಇಡುವುದು. ಸ್ವಲ್ಪ ದೂರ ನಡೆದರೆ ಈ ದೋಷವು ಮರೆಯಾಗುವುದುಂಟು. ಮಾರುವವನು ಮುಂಚೆಯೇ ನಡೆಸಿ ತಂದಿದ್ದರೆ ಕಾಣದೆ ಹೋಗಬಹುದು. ಇದು ಪಶುವೈದ್ಯರ ಸಣ್ಣ ಶಸ್ತ್ರಚಿಕಿತ್ಸೆಯಿಂದ ಸಾಮಾನ್ಯವಾಗಿ ವಾಸಿಯಾಗುವಂಥದು. ಆದರೆ ದೋಷವನ್ನು ತಿಳಿದು ಬೆಲೆ ಕಟ್ಟುವುದು ಬೇರೆ, ತಿಳಿಯದೆ ಕೊಳ್ಳುವುದು ಬೇರೆ.

ನೊಗ ಹೂಡಿದ ಮೇಲೆ

ಎತ್ತನ್ನು ಮೊದಲು ಬರಿಯ ಬಂಡಿಗೆ, ಬಳಿಕ ಅರ್ಧ ಭಾರಕ್ಕೆ, ಕೊನೆಗೆ ತನ್ನ ಊರಿನಲ್ಲಿ ಹೇರುವಷ್ಟು ಭಾರಕ್ಕೆ ಹೂಡಬೇಕು. ನೊಗಕ್ಕೆ ತಾನಾಗಿ ಕತ್ತು ಕೊಡುವುದೋ, ಹಿಂಜರಿಯುವುದೋ ನೋಡಬೇಕು. ದಿಣ್ಣೆಯನ್ನು ಹತ್ತುವಾಗ ನಡುವೆ ನಿಲ್ಲಿಸಿ ಮತ್ತೆ ಹೊರಡಿಸುವುದು ಮುಖ್ಯವಾದ ಪರೀಕ್ಷೆ. ಹಟಮಾರಿ ಎತ್ತು ಇಲ್ಲಿಯೇ ಮಲಗಿಬಿಡುವುದು. ಇಳಿಜಾರಿನಲ್ಲಿ ಭಾರವನ್ನು ತಡೆದು ಹಿಡಿಯುವುದೇ ಎಂಬುದನ್ನೂ, ಹಿಂದಕ್ಕೆ ಸರಿಯೆಂದರೆ ಸರಿಯುವುದೇ ಎಂಬುದನ್ನೂ ನೋಡತಕ್ಕದ್ದು. ಆಮೇಲೆ ನೇಗಿಲಿಗೆ ಹೂಡಿ ಹತ್ತು ಸಾಲು ಉಳಬೇಕು. ಸಾಲಿನ ಕೊನೆಯಲ್ಲಿ ತಿರುಗುವಾಗ ಎತ್ತಿನ ಪಳಗಿಕೆ ತಿಳಿಯುವುದು.

ಎಡಗಡೆಗೆ ಪಳಗಿದ ಎತ್ತು ಬಲಗಡೆಗೆ ಒಗ್ಗದಿರಬಹುದು. ಎರಡು ಕಡೆಯೂ ಹೂಡಿ ನೋಡಬೇಕು. ಮನೆಯಲ್ಲಿರುವ ಒಂಟಿ ಎತ್ತಿಗೆ ಜೊತೆ ಹುಡುಕುವವರು ಇದನ್ನು ಮರೆಯಲೇಕೂಡದು. ಎತ್ತರವೂ ನಡಿಗೆಯೂ ಸಮನಾಗಿರದಿದ್ದರೆ ನೊಗವು ವಾಲಿ ಒಂದರ ಹೆಗಲಿಗೇ ಭಾರ ಬೀಳುವುದು. ಎತ್ತು ಏರಿಗೆ, ಕೋಣ ನೀರಿಗೆ ಎಳೆಯಿತೆಂಬ ಗಾದೆಯು ಎರಡು ಎತ್ತುಗಳ ನಡುವೆಯೂ ನಿಜವಾಗಬಲ್ಲುದು.

ಪರೀಕ್ಷೆಯಲ್ಲಿ ಬಾಲ ಮುರಿಯುವುದಕ್ಕೂ ಮುಳ್ಳುಕೋಲು ಚುಚ್ಚುವುದಕ್ಕೂ ಅವಕಾಶ ಕೊಡಬಾರದು. ಹೊಡೆತಕ್ಕೆ ಓಡುವ ಎತ್ತಿನ ಬಲ ತಿಳಿಯುವುದಿಲ್ಲ. ಮಾತಿಗೆ ನಡೆಯುವ ಎತ್ತಿನದೇ ತಿಳಿಯುವುದು. ಸಾಧ್ಯವಾದರೆ ಮಾರುವವನ ಕೈಯಿಂದ ಹಗ್ಗವನ್ನು ತೆಗೆದುಕೊಂಡು ತಾನೇ ಹೊಡೆದು ನೋಡಬೇಕು.

ಬಿಸಿಲಿನ ಪರೀಕ್ಷೆ

ಎಲ್ಲಕ್ಕಿಂತ ಹೆಚ್ಚಾಗಿ ಅಲಕ್ಷ್ಯಕ್ಕೆ ಒಳಗಾಗಿರುವುದು ಈ ಪರೀಕ್ಷೆಯೇ. ಕಾಲುಬಾಯಿ ರೋಗದಿಂದ ಉಳಿದುಕೊಂಡ ದನಗಳಲ್ಲಿ ಕೆಲವು ಬಿಸಿಲನ್ನು ತಾಳಲಾರದೆ ತೇಕುವುವು. ಅವುಗಳ ಮೈಕೂದಲು ಒರಟಾಗಿ ಉದ್ದ ಬೆಳೆಯುವುದುಂಟು. ತಂಪು ಹೊತ್ತಿನಲ್ಲಿ ಇವು ನಿರೋಗಿಗಳಂತೆಯೇ ಕೆಲಸ ಮಾಡುವುವು. ನಮ್ಮ ವೃತ್ತದ ಒಂದು ಗ್ರಾಮದಲ್ಲಿ ಮೂರು ಎಕರೆ ಹೊಲದ ರೈತರೊಬ್ಬರು ಮಾಗಿಯ ಬೆಳಗಿನ ಮಂಜಿನಲ್ಲಿ ನೋಡಿ ಒಂದು ಜೋಡಿಯನ್ನು ಕೊಂಡರು. ಬೇಸಗೆಯ ಮಳೆ ಬಿದ್ದು ಉಳುಮೆಗೆ ಹೂಡಿದಾಗ ಜೋಡಿಯಲ್ಲೊಂದು ಎತ್ತು ಹೊತ್ತೇರುವ ಮೊದಲೇ ನಾಲಗೆ ಚಾಚಿ ನಿಂತಿತು. ಮತ್ತೊಂದು ಎತ್ತಿಗೆ ಸಾಲ ಹುಟ್ಟುವಷ್ಟರಲ್ಲಿ ಹದ ಹೋಯಿತು. ರಾಗಿಯ ಬಿತ್ತನೆ ತಡವಾಯಿತು. ಎತ್ತಿನ ಬೆಲೆಯ ಜೊತೆಗೆ ಆ ವರ್ಷದ ಬೆಳೆಯ ಬಹುಭಾಗವನ್ನೂ ಅವರು ತೆರಬೇಕಾಯಿತು.

ಆದಕಾರಣ ಎತ್ತನ್ನು 10 ಅಥವಾ 11 ಗಂಟೆಯ ಬಿಸಿಲಿನಲ್ಲಿ ಒಂದು ಗಂಟೆಯ ಕಾಲವಾದರೂ ದುಡಿಸಿ ನೋಡಬೇಕು. ವಿರಾಮದಲ್ಲಿರುವ ಎತ್ತು ನಿಮಿಷಕ್ಕೆ ಸುಮಾರು 15ರಿಂದ 30 ಸಲ ಉಸಿರಾಡುವುದು. ಪಕ್ಕೆಯ ಏರಿಳಿತವನ್ನು ಎಣಿಸಿದರೆ ಇದು ತಿಳಿಯುವುದು. ಹೂಡುವ ಮುಂಚೆ ಎಣಿಸಿಟ್ಟುಕೊಂಡು, ಬಿಚ್ಚಿ ನೆರಳಿನಲ್ಲಿ ನಿಲ್ಲಿಸಿದ ಮೇಲೆ ಮತ್ತೆ ಎಣಿಸಬೇಕು. ಅರ್ಧ ಗಂಟೆಯಾದರೂ ಉಸಿರು ಇಳಿಯದೆ ಬಾಯಿ ತೆರೆದೇ ಇದ್ದರೆ ಆ ಎತ್ತನ್ನು ಬಿಡುವುದೇ ಮೇಲು. ಉಷ್ಣವು 37 ಡಿಗ್ರಿ ಸೆಂಟಿಗ್ರೇಡನ್ನು ಮೀರಿದ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಎತ್ತುಗಳನ್ನು ಹೂಡುವುದನ್ನು 1965ರ ನಿಯಮಗಳು ನಿಷೇಧಿಸಿವೆಯೆಂಬುದನ್ನೂ ನೆನಪಿನಲ್ಲಿಡತಕ್ಕದ್ದು.

ಒಪ್ಪಂದ ಮತ್ತು ಮನೆಗೆ ತಂದ ಮೇಲೆ

ವಸ್ತ್ರದ ಮರೆಯಲ್ಲಿ ಬೆರಳು ಹಿಡಿದು ದಲ್ಲಾಳಿ ಮಾಡುವ ಬೆಲೆಯನ್ನು ಪರೀಕ್ಷೆ ಮುಗಿಯುವವರೆಗೂ ಒಪ್ಪಬಾರದು. ಮುಂಗಡ ಕೊಟ್ಟವನಿಗೆ ಹೂಡಿ ನೋಡುವ ಸ್ವಾತಂತ್ರ್ಯ ಉಳಿಯುವುದಿಲ್ಲ. ಹೂಡಿ ತೋರಿಸಲು ಒಪ್ಪದ ಮಾರಾಟಗಾರನ ಎತ್ತನ್ನು, ಅದೆಷ್ಟೇ ಅಂದವಾಗಿರಲಿ, ಬಿಟ್ಟು ಮುಂದೆ ಹೋಗುವುದು ಉತ್ತಮ. ರಸೀದಿಯಲ್ಲಿ ಎತ್ತಿನ ಗುರುತುಗಳನ್ನೂ, ಕಿವಿಯೋಲೆಯ 12 ಅಂಕಿಗಳ ಸಂಖ್ಯೆಯನ್ನೂ ಬರೆಯಿಸಿಕೊಂಡು, ಲಸಿಕೆಯ ವಿವರವನ್ನು ಕೇಳಬೇಕು. 2022ರಲ್ಲಿ ಚರ್ಮಗಂಟು ರೋಗವು ರಾಜ್ಯದಲ್ಲಿ ಹಬ್ಬಿದಾಗ ಅನೇಕ ಕಡೆ ದನದ ಜಾತ್ರೆಗಳನ್ನೇ ನಿಲ್ಲಿಸಬೇಕಾಯಿತು. ಹೊಸದಾಗಿ ತಂದ ಎತ್ತನ್ನು ಎರಡು ಮೂರು ವಾರ ಮನೆಯ ದನಗಳಿಂದ ದೂರ ಕಟ್ಟುವುದು ಕೊಟ್ಟಿಗೆಯ ಕ್ಷೇಮಕ್ಕೆ ಅಗತ್ಯ.

ಗ್ರಾಮದ ಮುಖಂಡರೂ ಹಿಡುವಳಿದಾರರೂ ಮನಸ್ಸು ಮಾಡಿದರೆ ಈ ವಿಷಯದಲ್ಲಿ ಬಡರೈತರಿಗೆ ಬಹಳ ಉಪಕಾರವಾಗುವುದು. ಜಾತ್ರೆ ಸೇರುವ ಸ್ಥಳದ ಬಳಿ ಒಂದು ಎಕರೆ ನೆಲವನ್ನು ಉಳುಮೆಯ ಪರೀಕ್ಷೆಗೆಂದು ಬಿಟ್ಟುಕೊಟ್ಟು, ಮರಳುಮೂಟೆ ಹೇರಿದ ಒಂದು ಬಂಡಿ, ಒಂದು ನೊಗ, ಒಂದು ನೇಗಿಲು, ನೆರಳಿಗೆ ಒಂದು ಚಪ್ಪರ, ಕುಡಿಯುವ ನೀರಿನ ತೊಟ್ಟಿ ಇಷ್ಟನ್ನು ಒದಗಿಸಿದರೆ ಸಾಕು. ಇದಕ್ಕೆ ತಗಲುವ ವೆಚ್ಚವು ಅಲ್ಪ. ಒಳ್ಳೆಯ ಎತ್ತನ್ನು ಸಾಕಿದವನಿಗೆ ಅಲ್ಲಿ ತಕ್ಕ ಬೆಲೆ ದೊರೆಯುವುದು. ಕೊಳ್ಳುವವನ ಹಣವೂ ಮುಂದಿನ ಬಿತ್ತನೆಯೂ ಉಳಿಯುವುವು. ಮುಂದಿನ ಜಾತ್ರೆಗಳ ಏರ್ಪಾಡಿನಲ್ಲಿ ಇದನ್ನು ಸೇರಿಸುವಂತೆ ವಾಚಕ ಮಹಾಶಯರಲ್ಲಿ ವಿನಂತಿ.