ಸಹಕಾರಿ ಸಂಘದಲ್ಲಿ ನಮ್ಮ ಮನೆಯ ಪಾಲು



ವಿದ್ಯಾರ್ಥಿವೇತನದ ಅರ್ಜಿಯಲ್ಲಿ ‘ಕುಟುಂಬದ ಆದಾಯದ ಮೂಲ’ ಎಂಬ ಕಾಲಂ ಇರುತ್ತದೆ. ಏಕಸಂಬಿ ಸುತ್ತಮುತ್ತ ಆ ಉತ್ತರ ಹೆಚ್ಚಾಗಿ ಕಬ್ಬಿಗೆ ಹೋಗಿ ಮುಟ್ಟುತ್ತದೆ. ಒಬ್ಬರಿಗೆ ಹೊಲವಿದೆ, ಒಬ್ಬರು ಕಬ್ಬು ಕಡಿಯುತ್ತಾರೆ, ಇನ್ನೊಬ್ಬರು ಟ್ರ್ಯಾಕ್ಟರ್ ರಿಪೇರಿ ಮಾಡುತ್ತಾರೆ. ಕಬ್ಬಿನ ಬಿಲ್ಲು ತಡವಾದರೆ ಕಾಲೇಜಿನ ಫೀ ಕೂಡ ತಡವಾಗುತ್ತದೆ. ಆದ್ದರಿಂದ ನಮ್ಮ ಭಾಗದ ಸಹಕಾರಿ ಸಂಸ್ಥೆಗಳ ಬಗ್ಗೆ ಈ ಸಲ ನಾಲ್ಕು ಮಾತು ಬರೆಯುತ್ತಿದ್ದೇವೆ.

ಸಹಕಾರಿ ಕಾಯ್ದೆ ಬಂದದ್ದು 1904ರಲ್ಲಿ. ಮರುವರ್ಷವೇ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ರೈತರ ಪತ್ತಿನ ಸಂಘ ಕಟ್ಟಿದರು. ನಮ್ಮ ಪಕ್ಕದ ಹುಕ್ಕೇರಿಯಲ್ಲಿ ಅಪ್ಪಣಗೌಡ ಪಾಟೀಲರ ಮುಂದಾಳತ್ವದಲ್ಲಿ 1969ರಲ್ಲಿ ವಿದ್ಯುತ್ ಸಹಕಾರಿ ಸಂಘವೇ ಹುಟ್ಟಿತು. ಏಕಸಂಬಿ ಊರೊಂದೇ ಇಬ್ಬರು ಸಂಸದರನ್ನು ಕೊಟ್ಟಿದೆ: 2014ರಲ್ಲಿ ಪ್ರಕಾಶ ಹುಕ್ಕೇರಿ, 2019ರಲ್ಲಿ ಅಣ್ಣಾಸಾಹೇಬ ಜೊಲ್ಲೆ. ಪಕ್ಷ ಬೇರೆ ಬೇರೆ, ಚುನಾವಣೆಯಲ್ಲಿ ಎದುರಾಳಿಗಳು. ಜೊಲ್ಲೆಯವರು ಕಟ್ಟಿದ ಬೀರೇಶ್ವರ ಪತ್ತಿನ ಸಂಘ ಇಂದು ರಾಜ್ಯದ ಗಡಿ ದಾಟಿ ಕೆಲಸ ಮಾಡುತ್ತಿದೆ. ಚಿಕ್ಕೋಡಿ ಭಾಗದ ಕಬ್ಬು ನುರಿಸಲು ದೂಧಗಂಗಾ ಕೃಷ್ಣಾ ಸಹಕಾರಿ ಸಕ್ಕರೆ ಕಾರ್ಖಾನೆ ಇದೆ.

ಮುಂದಾಳುಗಳು ಸಂಸ್ಥೆ ಕಟ್ಟಬಹುದು. ಅದನ್ನು ಸರಿದಾರಿಯಲ್ಲಿ ಇಡುವವರು ಸದಸ್ಯರು. ಖಾಸಗಿ ಕಂಪನಿಯಲ್ಲಿ ಶೇರು ಹೆಚ್ಚಿದ್ದವರ ಮಾತು ನಡೆಯುತ್ತದೆ. ಸಹಕಾರಿ ಸಂಘದಲ್ಲಿ ಶೇರು ಎಷ್ಟೇ ಇರಲಿ, ಒಬ್ಬರಿಗೆ ಒಂದೇ ಮತ. ಜಾತಿ, ಧರ್ಮ ನೋಡಿ ಸದಸ್ಯತ್ವ ನಿರಾಕರಿಸುವಂತಿಲ್ಲ. ಆದರೆ ಮತ ಬಳಸದವರಿಗೆ ಈ ಹಕ್ಕು ಕಾಗದದ ಮೇಲೆ ಮಾತ್ರ ಉಳಿಯುತ್ತದೆ. ಅದಕ್ಕಾಗಿ ಪಾಲಕರು ಮೂರು ಸಂಗತಿ ತಿಳಿದಿರಬೇಕು.

ಮೊದಲನೆಯದು, ಕಬ್ಬಿನ ದರ. ಕೇಂದ್ರ ಸರ್ಕಾರ ಪ್ರತಿ ಹಂಗಾಮಿಗೆ ಎಫ್‌ಆರ್‌ಪಿ ಎಂಬ ಕನಿಷ್ಠ ದರ ಗೊತ್ತುಪಡಿಸುತ್ತದೆ. 2025-26ಕ್ಕೆ ಅದು ಶೇ. 10.25 ಸಕ್ಕರೆ ಇಳುವರಿಗೆ ಟನ್ನಿಗೆ 3,550 ರೂಪಾಯಿ. ಇದು ಕಾರ್ಖಾನೆ ಬಾಗಿಲಿನ ದರ. ಕಟಾವು ಮತ್ತು ಸಾಗಾಣಿಕೆ ಖರ್ಚು ಇದರಲ್ಲೇ ಕಡಿತವಾಗುತ್ತದೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನದೊಳಗೆ ಹಣ ಪಾವತಿಯಾಗಬೇಕು. ತಡವಾದರೆ ವಾರ್ಷಿಕ ಶೇ. 15ರ ಬಡ್ಡಿ ಸೇರಿಸಿ ಕೊಡಬೇಕು. ತೂಕದ ಚೀಟಿಯನ್ನು ಕಳೆಯದೆ ಇಟ್ಟುಕೊಳ್ಳಿ.

ಎರಡನೆಯದು, ಠೇವಣಿ. ಬ್ಯಾಂಕಿನಲ್ಲಿ, ಸಹಕಾರಿ ಬ್ಯಾಂಕಿನಲ್ಲೂ ಸಹ, ಒಬ್ಬ ಠೇವಣಿದಾರರಿಗೆ 5 ಲಕ್ಷ ರೂಪಾಯಿವರೆಗೆ ವಿಮೆ ಇದೆ. ಪತ್ತಿನ ಸಂಘದ ಠೇವಣಿಗೆ ಈ ವಿಮೆ ಇಲ್ಲ. ಇದು ಯಾವುದೋ ಒಂದು ಸಂಘದ ಮೇಲಿನ ದೂರಲ್ಲ. ಎಲ್ಲ ಪತ್ತಿನ ಸಂಘಗಳಿಗೂ ಅನ್ವಯಿಸುವ ನಿಯಮ. ಮಗಳ ಓದಿಗೆಂದು ಕೂಡಿಟ್ಟ ಹಣವನ್ನು ಒಂದೇ ಕಡೆ ಇಡುವ ಮುಂಚೆ ಲೆಕ್ಕಪರಿಶೋಧನೆ ವರದಿ ಕೇಳಿ ನೋಡಿ.

ಮೂರನೆಯದು, ವಾರ್ಷಿಕ ಸರ್ವಸಾಧಾರಣ ಸಭೆ. ಜಮಾ-ಖರ್ಚು, ಸಾಲದ ಬಾಕಿ, ಲಾಭಾಂಶ ಎಲ್ಲವೂ ಅಲ್ಲಿ ಮಂಡನೆಯಾಗುತ್ತವೆ. ಚಹಾ ಕುಡಿದು ಸಹಿ ಮಾಡಿ ಬರುವ ಸಭೆ ಅದಲ್ಲ. ಪ್ರಶ್ನೆ ಕೇಳುವುದು ಸದಸ್ಯರ ಹಕ್ಕು.

ಪ್ರಶ್ನೆ ಕೇಳಲು ಲೆಕ್ಕ ಓದಲು ಬರಬೇಕು. ನಮ್ಮ ವಿದ್ಯಾರ್ಥಿವೇತನಕ್ಕೂ ಊರಿನ ಅಭಿವೃದ್ಧಿಗೂ ಸಂಬಂಧ ಬರುವುದು ಇಲ್ಲಿಯೇ. ಕಾರ್ಖಾನೆಗೆ ಕೆಮಿಸ್ಟ್ ಬೇಕು, ಫಿಟ್ಟರ್ ಬೇಕು. ಸಂಘಕ್ಕೆ ಲೆಕ್ಕಿಗರು ಬೇಕು. ಬೆಳಗಾವಿಯ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆಯಲ್ಲಿ ಸಕ್ಕರೆ ತಂತ್ರಜ್ಞಾನದ ಶಿಕ್ಷಣವಿದೆ. ಡಾಕ್ಟರ್, ಎಂಜಿನಿಯರ್ ಅಷ್ಟೇ ಓದು ಎಂದು ತಿಳಿಯದೆ ಐಟಿಐ, ಡಿಪ್ಲೊಮಾ, ಬಿ.ಕಾಂ., ಕೃಷಿ ಪದವಿ ಓದುವ ಮಕ್ಕಳೂ ಅರ್ಜಿ ಹಾಕಬೇಕೆಂದು ಕೋರುತ್ತೇವೆ. ಅಂಕಪಟ್ಟಿ, ಪ್ರವೇಶದ ರಸೀದಿ, ಆದಾಯ ಪ್ರಮಾಣಪತ್ರದ ಝೆರಾಕ್ಸ್ ಪ್ರತಿಗಳನ್ನು ಅರ್ಜಿಯ ಜೊತೆ ಲಗತ್ತಿಸಿ. ಹೆಣ್ಣುಮಕ್ಕಳ ಅರ್ಜಿಯನ್ನು ಮದುವೆಯ ಮಾತು ಬಂದಿದೆ ಎಂಬ ಕಾರಣಕ್ಕೆ ತಡೆಯಬೇಡಿ.

ದಾನಿಗಳಲ್ಲಿ ನಮ್ಮ ವಿನಂತಿ ಇಷ್ಟೇ: ನೀವು ಕೊಡುವ ಹಣ ಒಬ್ಬ ವಿದ್ಯಾರ್ಥಿಯ ಫೀ ಕಟ್ಟುತ್ತದೆ. ಅದರ ಜೊತೆಗೆ ನಾಳೆ ಸಂಘದ ಸಭೆಯಲ್ಲಿ ಎದ್ದು ನಿಂತು ಲೆಕ್ಕ ಕೇಳಬಲ್ಲ ಒಬ್ಬ ಸದಸ್ಯನನ್ನೂ, ಸದಸ್ಯೆಯನ್ನೂ ಊರಿಗೆ ಕೊಡುತ್ತದೆ.