ದಪ್ಪ ತಂತಿ ಗಟ್ಟಿ ತಂತಿಯೇ?

ತಂತಿ ಮತ್ತೆ ಮತ್ತೆ ಹರಿಯುತ್ತಿದ್ದರೆ ದಪ್ಪನೆಯದು ಹಾಕಿ ಎಂಬ ಸಲಹೆ ವೀಣೆ ಕಲಿಯುವವರಿಗೂ ಬೇಸ್ ಗಿಟಾರ್ ಹಿಡಿದವರಿಗೂ ಒಂದೇ ಬಗೆಯಲ್ಲಿ ಸಿಗುತ್ತದೆ. ಕೇಳಿದೊಡನೆ ನಿಜವೆನಿಸುವ ಈ ಮಾತು ಲೆಕ್ಕಕ್ಕೆ ನಿಲ್ಲುವುದಿಲ್ಲ. ಫ್ರಾನ್ಸಿನ ಮರ್ಸೆನ್ 1636ರಲ್ಲಿ ಪ್ರಕಟಿಸಿದ ನಿಯಮಗಳ ಪ್ರಕಾರ ತಂತಿಯ ಕಂಪನಸಂಖ್ಯೆ ಮೂರನ್ನು ಅವಲಂಬಿಸಿದೆ: ಉದ್ದ, ಬಿಗಿತ, ಮತ್ತು ಒಂದು ಮೀಟರ್ ತಂತಿಯ ತೂಕ. ತಂತಿಯ ದಪ್ಪವನ್ನು ಇಮ್ಮಡಿ ಮಾಡಿದರೆ ತೂಕ ನಾಲ್ಕು ಪಟ್ಟಾಗುತ್ತದೆ. ಅದೇ ಶ್ರುತಿಗೆ ತರಲು ಬಿರಡೆ ತಿರುವಿ ನಾಲ್ಕು ಪಟ್ಟು ಬಿಗಿಯಬೇಕು. ಎಳೆತವನ್ನು ತಡೆಯುವ ಲೋಹದ ಅಡ್ಡಕೊಯ್ತವೂ ಆಗ ನಾಲ್ಕೇ ಪಟ್ಟು. ಹೊರೆ ಹೊರಲು ಒಬ್ಬನ ಬದಲು ನಾಲ್ವರು ಬಂದರೂ ಹೊರೆಯೇ ನಾಲ್ಕು ಪಟ್ಟಾದರೆ ಒಬ್ಬೊಬ್ಬನ ಹೆಗಲಿನ ಭಾರ ಇಳಿಯುವುದಿಲ್ಲವಲ್ಲ, ಹಾಗೆ. ಸುತ್ತು ಇಲ್ಲದ ಬರಿಯ ತಂತಿ ಯಾವ ಶ್ರುತಿಯಲ್ಲಿ ಹರಿಯುತ್ತದೆ ಎಂಬುದನ್ನು ಅದರ ಉದ್ದ ಮತ್ತು ಲೋಹ ತೀರ್ಮಾನಿಸುತ್ತವೆ. ದಪ್ಪಕ್ಕೆ ಅಲ್ಲಿ ಮಾತಿಲ್ಲ. ಆದ್ದರಿಂದ ಮೊದಲು ಶ್ರುತಿ, ಆಮೇಲೆ ಉದ್ದ, ಕಡೆಗೆ ದಪ್ಪ ಎಂಬ ಕ್ರಮದಲ್ಲಿ ಯೋಚಿಸಬೇಕೆಂಬುದು ನನ್ನ ವಾದ.

ಈ ನಿಯಮದ ಬಲ ಎಷ್ಟೆಂದರೆ ಕಲ್ಲಿನ ವೀಣೆಯ ಬಗ್ಗೆಯೂ ಅದು ಒಂದಿಷ್ಟು ಹೇಳಬಲ್ಲದು. ಹಳೇಬೀಡಿಗೆ ಅಂಟಿಕೊಂಡ ಬಸ್ತಿಹಳ್ಳಿಯಲ್ಲಿ ಗಂಗರಾಜನ ನೆನಪಿಗೆ ಅವನ ಮಗ ಬೊಪ್ಪ 1133ರಲ್ಲಿ ಕಟ್ಟಿಸಿದ ಪಾರ್ಶ್ವನಾಥ ಬಸದಿಯ ಕಂಬಗಳು ಇಂದಿಗೂ ಮುಖ ಕಾಣುವಷ್ಟು ನುಣುಪು. ಕಲ್ಲನ್ನು ಅಷ್ಟು ಪಳಗಿಸಿದ ಹೊಯ್ಸಳ ಶಿಲ್ಪಿಗಳೂ ಸರಸ್ವತಿಯ ಕೈಗೆ ಕೊಟ್ಟ ದಂಡಿಗೆ ವೀಣೆಯಲ್ಲಿ ತಂತಿ ಎಷ್ಟು ದಪ್ಪವೆಂದು ತೋರಿಸಲಾರರು. ಆದರೆ ಶ್ರುತಿಯ ಮೇಲಿನ ಎಲ್ಲೆಯನ್ನು ಅಂದಾಜಿಸಲು ಉದ್ದವೊಂದು ಸಾಕು. ಅಂಥ ವೀಣೆಯಲ್ಲಿ ಮಿಡಿಯುವ ಭಾಗ 90 ಸೆಂಟಿಮೀಟರ್, ತಂತಿ ಪ್ರಾಣಿಯ ಕರುಳಿನದು ಎಂದಿಟ್ಟುಕೊಂಡರೆ ಸುಮಾರು 270 ಹರ್ಟ್ಸ್ ದಾಟುವ ಹೊತ್ತಿಗೆ ಅದು ಹರಿಯಬೇಕು. ಹಾರ್ಮೋನಿಯಂನ ನಡುವಿನ ‘ಬಿಳಿ ಒಂದು’ 262 ಹರ್ಟ್ಸ್. ಕಲ್ಲಿನ ಕೆತ್ತನೆ ಅಳತೆಯ ನಕ್ಷೆಯಲ್ಲ ಎಂಬ ಆಕ್ಷೇಪ ನ್ಯಾಯವೇ. ಉದ್ದ ಹತ್ತು ಸೆಂಟಿಮೀಟರ್ ಅತ್ತಿತ್ತಾದರೆ ಈ ಎಲ್ಲೆಯೂ ಒಂದೆರಡು ಸ್ವರ ಸರಿಯುತ್ತದೆ. ಆದರೂ ತಂತಿಯ ದಪ್ಪ ತಿಳಿಯದೆಯೇ ಇಷ್ಟು ಹೇಳಬಹುದೆಂಬುದು ಸಣ್ಣ ಸಂಗತಿಯಲ್ಲ.

ತೆಳು ತಂತಿಯೇ ಬೇಗ ಹರಿಯುವುದನ್ನು ಎಲ್ಲರೂ ಕಂಡಿದ್ದಾರೆ, ಅದು ಸುಳ್ಳೇ ಎಂದು ಕೇಳಬಹುದು. ಸುಳ್ಳಲ್ಲ, ಕಾರಣ ಮಾತ್ರ ಬೇರೆ. ಬೆರಳ ಬೆವರಿನಿಂದ ಹತ್ತುವ ತುಕ್ಕು, ಕುದುರೆಯ ಮೇಲಿನ ಚೂಪು ಅಂಚು ಕೊರೆದ ಗೀರು ಇವು ಎರಡರಲ್ಲೂ ಒಂದೇ ಆಳವಿದ್ದರೂ ತೆಳು ತಂತಿಯಲ್ಲಿ ದೊಡ್ಡ ಪಾಲನ್ನು ತಿಂದುಬಿಡುತ್ತವೆ. ಅದಕ್ಕೆ ಮದ್ದು ಅಂಚನ್ನು ನಯಗೊಳಿಸುವುದು, ಇಲ್ಲವೇ ಶ್ರುತಿಯನ್ನು ಅರ್ಧ ಸ್ವರ ಇಳಿಸುವುದು. ಅಷ್ಟಕ್ಕೇ ತಂತಿಯ ಮೇಲಿನ ಒತ್ತಡ ನೂರಕ್ಕೆ ಹನ್ನೊಂದರಷ್ಟು ತಗ್ಗುತ್ತದೆ.

ಗಮಕದ ವಿಷಯದಲ್ಲೂ ಇಂಥದೇ ಒಂದು ತಪ್ಪು ನಂಬಿಕೆಯಿದೆ. ವೀಣೆಯ ಷಡ್ಜದ ಮೆಟ್ಟಿಲಲ್ಲೇ ಸಾರಣಿ ತಂತಿಯನ್ನು ಅಡ್ಡ ಎಳೆದು ಮಧ್ಯಮ ಮುಟ್ಟಬೇಕಾದರೆ ಬಿಗಿತ ಸುಮಾರು 1.78 ಪಟ್ಟಾಗಬೇಕು. ದಪ್ಪ ತಂತಿಯನ್ನು ಹೆಚ್ಚು ದೂರ ಎಳೆಯಬೇಕೆಂದು ಅನೇಕರು ತಿಳಿದಿದ್ದಾರೆ. ವಾಸ್ತವದಲ್ಲಿ ಒಂದೇ ಲೋಹ, ಒಂದೇ ಶ್ರುತಿ ಇದ್ದರೆ ಎಳೆಯುವ ದೂರವೂ ಒಂದೇ. ಬದಲಾಗುವುದು ಬೆರಳು ಹಾಕಬೇಕಾದ ಬಲ; ದಪ್ಪದಲ್ಲಿ ಹತ್ತರಲ್ಲಿ ಒಂದು ಪಾಲು ಹೆಚ್ಚಿದರೆ ಬಲ ಐದರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚೇ ಏರುತ್ತದೆ. ದೂರವನ್ನೇ ಕಡಿಮೆ ಮಾಡಬೇಕೆಂದರೆ ಶ್ರುತಿ ಇಳಿಸಬೇಕು. ಮೀಟಿಗೆ ಒತ್ತು ಕೊಡುವ ಮೈಸೂರು ಬಾನಿಯವರಿಗೂ ಎಳೆತದ ಗಮಕವನ್ನೇ ನೆಚ್ಚಿದವರಿಗೂ ಒಂದೇ ತಂತಿ ಹಿತವಾಗಬೇಕಿಲ್ಲ ಎಂಬುದು ಇಲ್ಲಿಂದಲೇ ಅರ್ಥವಾಗುತ್ತದೆ.

ಇನ್ನು ಶ್ರುತಿಯನ್ನೇ ಬದಲಿಸುವ ಪದ್ಧತಿ. ಪುನ್ನಾಗವರಾಳಿಯಂಥ ರಾಗಗಳಿಗೆ ಮಧ್ಯಮ ಶ್ರುತಿ ಇಟ್ಟುಕೊಳ್ಳುವಾಗ ತಂಬೂರಿಯ ಪಂಚಮದ ತಂತಿಯನ್ನು ಮಧ್ಯಮಕ್ಕೆ ಇಳಿಸುತ್ತಾರೆ. ಕಂಪನಸಂಖ್ಯೆ ಒಂಬತ್ತರಲ್ಲಿ ಎಂಟು ಪಾಲಿಗೆ ಇಳಿದರೆ ಬಿಗಿತ 81ರಲ್ಲಿ 64 ಪಾಲಾಗುತ್ತದೆ, ಅಂದರೆ ನೂರಕ್ಕೆ 21ರಷ್ಟು ನಷ್ಟ. ಬೆಂಗಳೂರಿನ ರಾಕ್ ತಂಡದ ಬೇಸ್ ವಾದಕ ತನ್ನ ಕೆಳಗಿನ ‘ಇ’ ತಂತಿಯನ್ನು ‘ಡಿ’ಗೆ ಇಳಿಸಿ ‘ಡ್ರಾಪ್ ಡಿ’ ಮಾಡಿಕೊಂಡಾಗ, 41.2 ಹರ್ಟ್ಸ್ 36.7 ಆಗಿ, ಹೆಚ್ಚುಕಡಿಮೆ ಅಷ್ಟೇ ಬಿಗಿತ ಕಳೆದುಹೋಗುತ್ತದೆ. ತಂಬೂರಿಗೆ ಮೆಟ್ಟಿಲುಗಳಿಲ್ಲ, ಜೀವಾಳಿಯ ನೂಲನ್ನು ಸ್ವಲ್ಪ ಸರಿಸಿದರೆ ನಾದ ಮತ್ತೆ ಅರಳುತ್ತದೆ. ಬೇಸ್‌ನಲ್ಲಿ ಹಾಗಲ್ಲ. ಸಡಿಲಾದ ತಂತಿ ಅದೇ ಮೀಟಿಗೆ ಹೆಚ್ಚು ಅಗಲವಾಗಿ ತುಯ್ದು ಫ್ರೆಟ್‌ಗಳಿಗೆ ಬಡಿಯುತ್ತದೆ. ಜೋರಾಗಿ ಮೀಟಿದ ಕ್ಷಣ ಸ್ವರ ತುಸು ಮೇಲೇರಿ ಆಮೇಲೆ ಇಳಿಯುತ್ತದೆ. ದಪ್ಪಕ್ಕೆ ನಿಜವಾದ ಕೆಲಸ ಇರುವುದು ಇಲ್ಲಿ. ಹಳೆಯ ಬಿಗಿತವೇ ಬೇಕೆಂದರೆ 0.105 ಇಂಚಿನ ತಂತಿ ತೆಗೆದು 0.118ರ ಆಸುಪಾಸಿನದು ಹಾಕಬೇಕು.

ಹಾಗಾದರೆ ದಪ್ಪವನ್ನು ಏರಿಸುತ್ತಲೇ ಹೋಗಬಾರದೇಕೆ? ಬರಿಯ ಉಕ್ಕಿನಲ್ಲೇ ಆ ‘ಇ’ ತಂತಿ ಮಾಡಿದರೆ ಅದು 2 ಮಿಲಿಮೀಟರಿಗೂ ಮಿಕ್ಕ ಸರಳಾಗುತ್ತದೆ. ಸರಳು ಬಾಗಲು ಒಲ್ಲದು. ಅದರ ಮೇಲಿನ ಅನುರಣನ ಸ್ವರಗಳು ಇರಬೇಕಾದ ಜಾಗಕ್ಕಿಂತ ಮೇಲೆ ಸರಿದು ನಾದ ಮಂಕಾಗುತ್ತದೆ. ತೆಳು ಒಡಲಿಗೆ ಇನ್ನೊಂದು ತಂತಿ ಸುತ್ತಿದರೆ ತೂಕ ಬರುತ್ತದೆ, ಬಿರುಸು ಅಷ್ಟಾಗಿ ಬರುವುದಿಲ್ಲ. ವೀಣೆಯ ಮಂದ್ರ, ಅನುಮಂದ್ರಗಳಿಗೆ ಹಲವರು ಸುತ್ತಿದ ತಂತಿ ಬಳಸುವುದು ಇದಕ್ಕೇ. ಸುತ್ತಿಗೂ ಮಿತಿಯಿದೆ. ಐದು ತಂತಿಯ ಬೇಸ್‌ನ ‘ಬಿ’ 30.9 ಹರ್ಟ್ಸ್; ‘ಇ’ಯಷ್ಟೇ ಬಿಗಿ ಇರಬೇಕಾದರೆ 0.140 ಇಂಚು ಬೇಕು, ಆದರೆ ಸಾಮಾನ್ಯವಾಗಿ ಸಿಗುವುದು 0.130. ಒಂದಿಷ್ಟು ಸಡಿಲವನ್ನು ಸಹಿಸಿ ನಾದದ ಸ್ಪಷ್ಟತೆ ಉಳಿಸಿಕೊಳ್ಳುವ ಈ ರಾಜಿ ಸರಿಯಾದದ್ದೇ. ಲಿಯೋ ಫೆಂಡರ್ 1951ರ ಪ್ರಿಸಿಷನ್ ಬೇಸ್‌ಗೆ ಇಟ್ಟ 34 ಇಂಚಿನ ಉದ್ದವನ್ನು 35ಕ್ಕೆ ಏರಿಸಿದರೆ ಅದೇ ತಂತಿಯ ಬಿಗಿತ ನೂರಕ್ಕೆ ಆರರಷ್ಟು ಹೆಚ್ಚುತ್ತದೆ. ಕೈ ಚಿಕ್ಕದಾದವರು ಅದಕ್ಕೆ ಬೆರಳುಗಳ ಚಾಚಿನಲ್ಲಿ ಬೆಲೆ ತೆರುತ್ತಾರೆ. ‘ಡ್ರಾಪ್ ಡಿ’ಗೆ ಮಾತ್ರ ಇಷ್ಟೆಲ್ಲ ಬೇಡ. ಅಲ್ಲಿ ಬದಲಾಗುವುದು ಒಂದೇ ತಂತಿ, ಆದ್ದರಿಂದ ಅದೊಂದನ್ನೇ ದಪ್ಪ ಮಾಡಿ ಉಳಿದ ಮೂರನ್ನು ಹಾಗೆಯೇ ಬಿಡಬೇಕು. ಇಡೀ ದಪ್ಪ ಸೆಟ್ಟು ಹಾಕಿದರೆ ಶ್ರುತಿ ಬದಲಾಗದ ಆ ಮೂರೂ ಕಾರಣವಿಲ್ಲದೆ ಬಿಗಿಯಾಗಿ ಗಿಟಾರಿನ ಕುತ್ತಿಗೆ ಮುಂದಕ್ಕೆ ಬಾಗುತ್ತದೆ.