ಬರದ ಸೀಮೆಗೆ ಬಂದು ನಿಂತವರು

ಶನಿವಾರ ಬೆಳಿಗ್ಗೆ ತುಮಕೂರಿನಲ್ಲಿ ಪಾವಗಡದ ಬಸ್ಸು ಹತ್ತಿದರೆ ಸೀಟು ಸಿಗುವುದು ಕಷ್ಟ. ಶ್ರಾವಣದಲ್ಲಂತೂ ಕೇಳುವುದೇ ಬೇಡ. ಕೊರಟಗೆರೆವರೆಗೆ ಅಡಿಕೆ, ತೆಂಗು ಕಿಟಕಿಯಾಚೆ ಜೊತೆಗೇ ಬರುತ್ತವೆ. ಮಧುಗಿರಿಯ ಏಕಶಿಲಾ ಬೆಟ್ಟ ಬೆನ್ನಿಗೆ ಬಿದ್ದ ಮೇಲೆ ಹಸಿರು ಒಂದೊಂದಾಗಿ ಇಳಿದುಹೋಗುತ್ತದೆ. ಮೊದಲು ತೆಂಗು, ಆಮೇಲೆ ಹೊಂಗೆ, ಹುಣಸೆ. ಕೊನೆಗೆ ಜಾಲಿಮುಳ್ಳು, ಬಂಡೆ. ಮಿಡಿಗೇಶಿ ದಾಟಿದ ಬಸ್ಸು ಒಂದಿಷ್ಟು ದೂರ ಆಂಧ್ರದೊಳಗೇ ಓಡಿ ಮತ್ತೆ ಕರ್ನಾಟಕಕ್ಕೆ ಬರುತ್ತದೆ. ನಮ್ಮದೇ ಜಿಲ್ಲೆಯ ತಾಲ್ಲೂಕಿಗೆ ಹೋಗಲು ಪರರಾಜ್ಯ ಹಾಯಬೇಕು.

ಬಸ್ಸಿನಲ್ಲಿದ್ದವರೆಲ್ಲ ಶನಿಮಹಾತ್ಮನ ಗುಡಿಗೆ ಹೊರಟವರು. ಎಳ್ಳೆಣ್ಣೆ ದೀಪ ಹಚ್ಚಿ ಸಂಜೆ ಬಸ್ಸಿಗೇ ವಾಪಸ್. ಆ ಕ್ಷೇತ್ರ ಹುಟ್ಟಿದ್ದೂ ಬರದಿಂದಲೇ ಎನ್ನುತ್ತಾರೆ: ಮಳೆ ಕೈಕೊಟ್ಟು ರೋಗರುಜಿನ ಹಬ್ಬಿದ ಕಾಲದಲ್ಲಿ ಹಿರಿಯರು ಶೀತಲಾದೇವಿಯ ಯಂತ್ರವಿಟ್ಟು ಪೂಜಿಸಿದರಂತೆ. ದೇವರಿಗಾಗಿ ಬಂದವರು ಹೊರಟುಹೋಗುವ ಊರು ಇದು. ನೌಕರಿಗಾಗಿ ಬಂದವರೂ ಅಷ್ಟೇ. ಸರ್ಕಾರಿ ಕಚೇರಿಗಳಲ್ಲಿ ‘ಪಾವಗಡಕ್ಕೆ ಎತ್ತಂಗಡಿ’ ಅನ್ನುವುದು ಬಹಳ ಕಾಲ ಬೈಗುಳದಂತೆಯೇ ಬಳಕೆಯಲ್ಲಿತ್ತು. ಊರಿನ ಮಕ್ಕಳೇ ಬೆಂಗಳೂರಿನ ಹೋಟೆಲು, ಗಾರೆಕೆಲಸ ಹುಡುಕಿ ಹೋದವರು. ಹಾಗಾದರೆ ಇಲ್ಲಿಗೆ ತಾವಾಗಿ ಬಂದು ನಿಂತವರು ಯಾರು?

ಈ ಪ್ರಶ್ನೆ ನನ್ನ ತಲೆಗೆ ಹಾಕಿದ್ದು ಒಬ್ಬ ಅಜ್ಜಿ. ಕಾಲೇಜು ಮುಗಿಸಿದ ಹುರುಪಿನಲ್ಲಿ ನಾಗಲಮಡಿಕೆ ಕಡೆಯ ಹಳ್ಳಿಯೊಂದರ ಕಣ್ಣಿನ ಕ್ಯಾಂಪಿಗೆ ಸ್ವಯಂಸೇವಕನಾಗಿ ಹೋಗಿದ್ದೆ. ಆಗೆಲ್ಲ ಪೊರೆ ತೆಗೆದ ಮೇಲೆ ಕಣ್ಣಿಗೆ ಪಟ್ಟಿ ಕಟ್ಟಿ ಐದಾರು ದಿನ ಮಲಗಿಸುತ್ತಿದ್ದರು. ಶಾಲೆಯ ಕೊಠಡಿಯಲ್ಲಿ ಸಾಲಾಗಿ ಚಾಪೆ. ಆ ಅಜ್ಜಿ ಮಾತ್ರ ಮಲಗುತ್ತಿರಲಿಲ್ಲ. ಗೋಡೆಗೊರಗಿ ಕೂತು, ಮಡಿಲಲ್ಲಿ ಕಡಲೆಕಾಯಿ ಇಟ್ಟುಕೊಂಡು, ಬೆರಳಲ್ಲೇ ನೋಡುತ್ತ ಸುಲಿಯುತ್ತಿದ್ದಳು. ಸಿಪ್ಪೆ ಒಂದು ಕಡೆ, ಬೀಜ ಒಂದು ಕಡೆ, ಒಂದೂ ತಪ್ಪುತ್ತಿರಲಿಲ್ಲ. ನೀರು ಕೊಡಲು ಹೋದಾಗ ಕೇಳಿದಳು: “ಎಷ್ಟ್ ದಿನ ಇರ್ತೀಯಪ್ಪ?” ಮೂರು ದಿನ ಅಂದೆ. “ಪಟ್ಟಿ ಬಿಚ್ಚೋ ಹೊತ್ಗೆ ನೀನಿರಲ್ಲ ಬಿಡು” ಅಂದು ಮತ್ತೆ ಕಡಲೆಕಾಯಿಗೆ ಕೈ ಹಾಕಿದಳು.

ಅಜ್ಜಿಗಿಂತ ಮೊದಲೇ ಈ ಜಿಲ್ಲೆಯ ಹಳ್ಳಿಗರು ಹೊರಗಿನವರಿಗೆ ಇಂಥದೇ ಪಾಠ ಹೇಳಿದ್ದುಂಟು. ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ 1959ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು. ಅಲ್ಲಿನ ತಂಡ 1960–61ರಲ್ಲಿ ಎಕ್ಸ್‌ರೇ ಯಂತ್ರ ಹೊತ್ತ ವ್ಯಾನುಗಳೊಂದಿಗೆ ತುಮಕೂರು ಜಿಲ್ಲೆಯ ಹಳ್ಳಿ ಹಳ್ಳಿ ಸುತ್ತಿತು. ಜೊತೆಗೆ ವಿಶ್ವ ಆರೋಗ್ಯ ಸಂಸ್ಥೆಯಿಂದ ಬಂದ ವಿದೇಶಿಯರು. ಅವರಲ್ಲಿ ಡೆನ್ಮಾರ್ಕಿನ ಸ್ಟಿಗ್ ಆಂಡರ್ಸನ್ ಮತ್ತು ನಮ್ಮ ದೇಶದ ಡಾ. ದೇಬಬರ್ ಬ್ಯಾನರ್ಜಿ ಸೇರಿ ಇನ್ನೊಂದು ಕೆಲಸ ಮಾಡಿದರು. ಕ್ಷಯವಿದೆ ಎಂದು ಗೊತ್ತಾದವರ ಮನೆಗೆ ಹೋಗಿ, ನಿಮಗೆ ಏನಾಗುತ್ತಿತ್ತು, ಏನು ಮಾಡಿದಿರಿ ಎಂದು ಕೂತು ಕೇಳಿದರು.

ಹಳ್ಳಿಯವರಿಗೆ ಕಾಯಿಲೆಯ ಅರಿವೇ ಇರದು, ನಾವೇ ಹೋಗಿ ಎಬ್ಬಿಸಬೇಕು ಎಂಬುದು ಅಂದಿನ ಪಂಡಿತರ ನಂಬಿಕೆ. ಸಿಕ್ಕ ಉತ್ತರ ಬೇರೆಯೇ. ರೋಗಿಗಳಲ್ಲಿ ನೂರಕ್ಕೆ 95ರಷ್ಟು ಮಂದಿಗೆ ಕೆಮ್ಮು, ಜ್ವರ, ಎದೆನೋವಿನ ಅರಿವಿತ್ತು. ಬಹುಪಾಲು ಜನ ಅದಕ್ಕಾಗಿ ಚಿಂತಿಸಿದ್ದರು, ಅರ್ಧದಷ್ಟು ಜನ ಸರ್ಕಾರಿ ಆಸ್ಪತ್ರೆಯ ಬಾಗಿಲಿಗೆ ಹೋಗಿಯೂ ಬಂದಿದ್ದರು. ಅಲ್ಲಿ ಸಿಕ್ಕಿದ್ದು ಒಂದು ಬಾಟಲಿ ಕೆಮ್ಮಿನ ಔಷಧ. ತಪ್ಪು ರೋಗಿಯದಲ್ಲ, ಬಂದವನ ಕಫ ಪರೀಕ್ಷಿಸದ ವ್ಯವಸ್ಥೆಯದು ಎಂದು 1963ರ ಅವರ ಲೇಖನ ನೇರವಾಗಿ ತೋರಿಸಿತು. ಕ್ಷಯಕ್ಕೆ ಬೇರೆ ದೊಡ್ಡಾಸ್ಪತ್ರೆ ಬೇಡ, ಹತ್ತಿರದ ಸಾಮಾನ್ಯ ಆಸ್ಪತ್ರೆಯಲ್ಲೇ ಪರೀಕ್ಷೆ, ಔಷಧ ಸಿಗಲಿ ಎಂಬ ರಾಷ್ಟ್ರೀಯ ಕಾರ್ಯಕ್ರಮ ಮೂಡಿದ್ದು ಇಂಥ ಕೆಲಸದ ಬೆನ್ನಿಗೇ, 1962ರಲ್ಲಿ. ಆ ಸಂಸ್ಥೆಯಲ್ಲಿ ಆಗ ಇದ್ದ ಇನ್ನೊಬ್ಬ ಡೇನಿಷ್ ವೈದ್ಯ ಹಾಫ್ದಾನ್ ಮಾಹ್ಲರ್ 1973ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗೇ ಮುಖ್ಯಸ್ಥರಾದರು. 1978ರ ಆಲ್ಮಾ ಆಟಾ ಸಮ್ಮೇಳನದಲ್ಲಿ ‘ಎಲ್ಲರಿಗೂ ಆರೋಗ್ಯ’ ಎಂಬ ಮಾತು ಜಗತ್ತಿನ ಕಿವಿಗೆ ಬಿದ್ದದ್ದು ಅವರ ಕಾಲದಲ್ಲೇ. ಅದರ ಹಿಂದೆ ತುಮಕೂರು ಸೀಮೆಯ ಕೆಮ್ಮೂ ಸ್ವಲ್ಪ ಇತ್ತು ಎಂದುಕೊಂಡರೆ ನನಗೆ ಒಳಗೊಳಗೇ ಹೆಮ್ಮೆ.

ಆದರೆ ವ್ಯಾನಿನಲ್ಲಿ ಬಂದವರು ವ್ಯಾನಿನಲ್ಲೇ ಹೋದರು. ನಿಂತವರ ಕತೆ ಬೇಕೆಂದರೆ ಪಾವಗಡದ ಗಡಿ ದಾಟಬೇಕು.

ಬಾರ್ಸಿಲೋನಾದಲ್ಲಿ 1920ರಲ್ಲಿ ಹುಟ್ಟಿದ ವಿನ್ಸೆಂಟ್ ಫೆರರ್ 1952ರಲ್ಲಿ ಜೆಸ್ಯೂಟ್ ಪಂಥದವರಾಗಿ ಮುಂಬೈಗೆ ಬಂದರು. ಮಹಾರಾಷ್ಟ್ರದ ಮನ್ಮಾಡ್ ಸುತ್ತ ರೈತರಿಂದ ಬಾವಿ ತೋಡಿಸಿದರು. ಬಡವರು ಅವರ ಹಿಂದೆ ನಿಂತದ್ದು ಉಳ್ಳವರ ಕಣ್ಣು ಕುಕ್ಕಿತು. 1968ರಲ್ಲಿ ದೇಶ ಬಿಡುವ ಆದೇಶ ಬಂತು, ಸಾವಿರಾರು ರೈತರು ಅವರ ಪರವಾಗಿ ಮುಂಬೈಗೆ ನಡೆದರು. ಪ್ರಧಾನಿ ಇಂದಿರಾ ಗಾಂಧಿ ಮರಳಲು ದಾರಿ ಮಾಡಿಕೊಟ್ಟರು. 1969ರಲ್ಲಿ ಹಿಂದಿರುಗಿದ ಆತ ಆರಿಸಿಕೊಂಡದ್ದು ಯಾರೂ ಬೇಡವೆನ್ನುವ ಅನಂತಪುರವನ್ನು. ಮಳೆಯ ಲೆಕ್ಕದಲ್ಲಿ ಜೈಸಲ್ಮೇರ್ ಬಿಟ್ಟರೆ ಅದೇ ಎನ್ನುವ ಜಿಲ್ಲೆ, ಪಾವಗಡವನ್ನು ಮೂರು ಕಡೆಯಿಂದ ಸುತ್ತಿದ ಅದೇ ಕೆಂಪು ಮಣ್ಣು, ಅದೇ ಕಡಲೆಕಾಯಿ. ಮರುವರ್ಷ ಪಂಥ ಬಿಟ್ಟು, ಪತ್ರಕರ್ತೆಯಾಗಿದ್ದ ಇಂಗ್ಲೆಂಡಿನ ಆನ್ ಪೆರಿಯನ್ನು ಮದುವೆಯಾದರು. ಇಬ್ಬರೂ ಕಟ್ಟಿದ ರೂರಲ್ ಡೆವಲಪ್‌ಮೆಂಟ್ ಟ್ರಸ್ಟ್ ಈ ಕಡೆಯವರ ಬಾಯಲ್ಲಿ ಬರೀ ‘ಆರ್‌ಡಿಟಿ’. ಬಾವಿಯಿಂದ ಶುರುವಾದದ್ದು ಶಾಲೆ, ಮನೆ, ಕಲ್ಯಾಣದುರ್ಗ ಮತ್ತು ಬತ್ತಲಪಲ್ಲಿಯ ಆಸ್ಪತ್ರೆಗಳಾಗಿ ಬೆಳೆಯಿತು. ಸ್ಪೇನಿನ ಯುವಕರು ಬಂದು ತಿಂಗಳುಗಟ್ಟಲೆ ಅಲ್ಲಿದ್ದು ಕೆಲಸ ಮಾಡಿ ಹೋಗುತ್ತಾರೆ. ಫೆರರ್ ಮಾತ್ರ ಹೋಗಲಿಲ್ಲ. 2009ರ ಜೂನ್ 19ರಂದು ಅನಂತಪುರದಲ್ಲೇ ಕಣ್ಣು ಮುಚ್ಚಿದರು. ಪಟ್ಟಿ ಬಿಚ್ಚುವ ತನಕ ಇದ್ದವರು ಅಂದರೆ ಇವರು.

ಈಚೆ ಕಡೆ ಪಾವಗಡದಲ್ಲಿ ಅದೇ ಹಟ ಹಿಡಿದವರು ಸ್ವಾಮಿ ಜಪಾನಂದರು. ಅವರು ಕಟ್ಟಿದ ಶ್ರೀ ರಾಮಕೃಷ್ಣ ಸೇವಾಶ್ರಮ ಕೈಗೆತ್ತಿಕೊಂಡದ್ದು ಕುಷ್ಠ ಮತ್ತು ಕ್ಷಯವನ್ನು. ಎರಡೂ ಅವಸರದವರಿಗೆ ಒಗ್ಗದ ಕಾಯಿಲೆಗಳು. 1980ರ ದಶಕದಲ್ಲಿ ಬಂದ ಬಹು ಔಷಧ ಚಿಕಿತ್ಸೆಯಿಂದ ಕುಷ್ಠ ಪೂರ್ತಿ ವಾಸಿಯಾಗುತ್ತದೆ ನಿಜ. ಆದರೆ ಮಾತ್ರೆ ತಿಂಗಳು ತಿಂಗಳೂ ತಪ್ಪದೆ ಆರು ತಿಂಗಳೋ ವರ್ಷವೋ ನುಂಗಬೇಕು. ಸ್ಪರ್ಶ ಸತ್ತ ಅಂಗಾಲಿಗೆ ಮುಳ್ಳು ಚುಚ್ಚಿದರೂ ಗೊತ್ತಾಗದು, ಒಲೆಯ ಕೆಂಡ ತಾಗಿದರೂ ಗೊತ್ತಾಗದು. ಆ ಕಾಲನ್ನು ದಿನಾ ತೊಳೆದು, ನೀರಲ್ಲಿ ನೆನೆಸಿ, ಗಾಯ ನೋಡಿ, ಮೆತ್ತನೆ ರಬ್ಬರಿನ ಚಪ್ಪಲಿ ಹಾಕಿಸಬೇಕು. ಮೂರು ದಿನದ ಕ್ಯಾಂಪಿನಲ್ಲಿ ಇದು ನಡೆಯುತ್ತದೆಯೇ? ಆಮೇಲೆ ಅಲ್ಲಿಗೆ ಶ್ರೀ ಶಾರದಾದೇವಿ ಕಣ್ಣಿನ ಆಸ್ಪತ್ರೆ ಬಂತು. ಮಳೆ ಹೋದ ವರ್ಷಗಳಲ್ಲಿ ಇನ್ಫೊಸಿಸ್ ಪ್ರತಿಷ್ಠಾನದ ನೆರವಿನಿಂದ ದನಗಳಿಗೆ ಮೇವೂ ಹಂಚಿದರು. ಕುಷ್ಠಕ್ಕೆಂದು ಹೊರಟ ಆಶ್ರಮ ಹುಲ್ಲಿನ ಹೊರೆ ಎಣಿಸಬೇಕಾಗಿ ಬಂದದ್ದೇ ಈ ಸೀಮೆಯ ಸ್ವಭಾವ. ಬಂದವರ ಯೋಜನೆಯನ್ನು ಇಲ್ಲಿನ ಬರ ತನಗೆ ಬೇಕಾದಂತೆ ತಿದ್ದುತ್ತದೆ.

ತಿದ್ದಿಸಿಕೊಳ್ಳದವರ ಗುರುತೂ ಅಲ್ಲಲ್ಲಿ ಸಿಗುತ್ತದೆ. ನೀರಿನ ಫ್ಲೋರೈಡ್ ತೆಗೆಯುತ್ತೇವೆಂದು ನಗರದ ಸಂಸ್ಥೆಯೊಂದು ಇಟ್ಟುಹೋದ ಫಿಲ್ಟರು, ನಾನು ನೋಡಿದಾಗ, ಕಡಲೆ ಹೊಟ್ಟಿನ ಮೂಟೆಗೆ ಆಸರೆಯಾಗಿತ್ತು. ಬಿಡಿಭಾಗ ತರುವವರಿಲ್ಲ. ಇದಕ್ಕೆ ಹೋಲಿಸಿದರೆ ಶಿರಾ ತಾಲ್ಲೂಕಿನ ಕಗ್ಗಲಡುವಿನ ಹುಣಸೆ ಮರಗಳಿಗೆ ವರ್ಷ ವರ್ಷ ಬಂದು ಮರಿ ದೊಡ್ಡದು ಮಾಡಿಕೊಂಡೇ ಹೋಗುವ ಬಣ್ಣದ ಕೊಕ್ಕರೆಗಳೇ ವಾಸಿ. ಊರಿನವರೇ ಅವುಗಳ ಕಾವಲು.

ಈಚಿನ ಅತಿಥಿ ದೊಡ್ಡವನು. ನಾಗಲಮಡಿಕೆ ಹೋಬಳಿಯ ತಿರುಮಣಿ, ಬಳಸಮುದ್ರ, ಕ್ಯಾತಗಾನಚೆರ್ಲು, ವಳ್ಳೂರು, ರಾಯಚೆರ್ಲು ಎಂಬ ಐದು ಊರುಗಳ 13,000 ಎಕರೆಯಲ್ಲಿ 2,050 ಮೆಗಾವಾಟ್ ಸೋಲಾರ್ ಪಾರ್ಕ್. 2018ರ ಮಾರ್ಚಿನಲ್ಲಿ ಉದ್ಘಾಟನೆ, 2019ರ ಕೊನೆಗೆ ಪೂರ್ತಿ. ಜಮೀನು ಕೊಂಡಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಗುತ್ತಿಗೆ, 28 ವರ್ಷಕ್ಕೆ. ಜಮೀನಿದ್ದವರಿಗೆ ಮಳೆ ನೋಡದೆ ಬರುವ ದುಡ್ಡು. ಕೂಲಿಯವರಿಗೆ ಕಳೆ ಕೀಳಲು ಹೊಲವೇ ಇಲ್ಲ.

ಹೋದ ಬೇಸಿಗೆಯಲ್ಲಿ ತಿರುಮಣಿಯ ಕಡೆ ಹೋಗಿದ್ದೆ. ಬೇಲಿಯಾಚೆ ಕಣ್ಣು ಹೋದಷ್ಟು ದೂರ ನೀಲಿ ಗಾಜು, ದೂರದಿಂದ ತುಂಬಿದ ಕೆರೆಯ ಹಾಗೆ. ಬೆಂಗಳೂರಿನ ಹೋಟೆಲು ಬಿಟ್ಟು ಬಂದು ಗೇಟು ಕಾಯುತ್ತಿದ್ದ ಹುಡುಗ ಕುರ್ಚಿ ಕೊಟ್ಟ, ಟೀ ತರಿಸಿದ, ತೆಲುಗು ಬೆರೆತ ಕನ್ನಡದಲ್ಲಿ ಊರಿನ ಸುದ್ದಿಯೆಲ್ಲ ಹೇಳಿದ. ಕೊನೆಗೆ ಕೇಳಿದ: “ಎಷ್ಟ್ ದಿನ ಇರ್ತೀರಾ ಸಾರ್?”

ಮಧುಗಿರಿಗೆ ಕೊನೇ ಬಸ್ಸು ಎಷ್ಟು ಗಂಟೆಗೆ ಅಂತ ಕೇಳಿದೆ.